ಅಚ್ಚಿಗೆ ಕೊಟ್ಟ ಮುಖ

ಆಗಸ್ಟ್ ೨

ಸಕಲ ರಸ್ತೆಗಳ ಒಡತಿಗೆ, ಅರವತ್ತು ಸೀಟಿನ ರಥ ನಡೆಸುವ ನನ್ನ ಸಾರಥಿಗೆ, ಅಪ್ಪನ ಆಶೀರ್ವಾದಗಳು!

ದೀಪ ಬರಲಿ! ಪರದೆ ಏಳಲಿ! ನಿನ್ನ ಅಪ್ಪನ ತಲೆಯೊಳಗೆ ಹೊಸ ಪಾತ್ರಧಾರಿಯೊಬ್ಬ ಪ್ರವೇಶ ಮಾಡಿದ್ದಾನೆ. ಯಾರೂ ಕರೆದಿರಲಿಲ್ಲ, ತಾಲೀಮಿಗೂ ಬಂದಿರಲಿಲ್ಲ, ನೇರವಾಗಿ ರಂಗದ ಮಧ್ಯಕ್ಕೇ ಬಂದು ನಿಂತಿದ್ದಾನೆ.

ಹೋದ ವರ್ಷದಿಂದ ರಾಕ್ಷಸರಾಜನ ಕೋಪದ ದೃಶ್ಯದಲ್ಲಿ ನನ್ನ ಎಡಗೆನ್ನೆ ಪಟಪಟ ಅದುರುತ್ತಿದ್ದುದು ನಿನಗೂ ಗೊತ್ತು. ಪತ್ರಿಕೆಯವರು ಬರೆದಿದ್ದರಲ್ಲ, ಈ ನಟನ ಒಂದು ಕೆನ್ನೆ ಇನ್ನೊಬ್ಬರ ಇಡೀ ಮೈಗಿಂತ ಹೆಚ್ಚು ಅಭಿನಯಿಸುತ್ತದೆ ಎಂದು! ಕಂಪನಿಯ ಎಳೆಯರು ಬಂದು ಕಾಲು ಹಿಡಿದು, "ಗುಡುಗಣ್ಣ, ಅದನ್ನ ಹೆಂಗ್ ಮಾಡ್ತೀರ, ನಮಗೂ ಹೇಳ್ಕೊಡಿ" ಎಂದು ಕೇಳುತ್ತಿದ್ದರು. ನಾನೂ ಗಂಭೀರವಾಗಿ, "ಅದು ಹೇಳಿಕೊಟ್ಟರೆ ಬರೋದಲ್ಲ ಕಣ್ರೋ, ಒಳಗಿಂದ ಬರ್ಬೇಕು" ಎನ್ನುತ್ತಿದ್ದೆ. ಒಳಗಿಂದಲೇ ಬರುತ್ತಿತ್ತು ನೋಡು.

ಮೊನ್ನೆಯ ಪ್ರಯೋಗದಲ್ಲಿ ಕೆನ್ನೆ ನಿಲ್ಲಲೇ ಇಲ್ಲ. ಕೆನ್ನೆಯಿಂದ ಕೈಗೆ ಇಳಿಯಿತು, ಕೈಯಿಂದ ಮೈಗೆ. ಸಿಂಹಾಸನದಿಂದ ಕೆಳಗುರುಳಿದೆ. ಜನ ಎದ್ದು ನಿಂತು "ವನ್ಸ್ ಮೋರ್!" ಎಂದು ಕೂಗಿದರಂತೆ. ಬಣ್ಣದ ಮಾಸ್ಟರ್ ಒಬ್ಬನೇ ಓಡಿ ಬಂದು ಪರದೆ ಎಳೆಸಿದ್ದು. ಮೂವತ್ತು ವರ್ಷ ನನ್ನ ಮುಖಕ್ಕೆ ಬಣ್ಣ ಬಳಿದವನು ತಾನೇ, ಯಾವುದು ಅಭಿನಯ ಯಾವುದು ಅಲ್ಲ ಎಂದು ಅವನಿಗೆ ಗೊತ್ತಾಯಿತು.

ಸ್ಕ್ಯಾನ್ ಆಯಿತು. ಸರ್ಜನ್ ಪರದೆಯ ಮೇಲೆ ನನ್ನ ತಲೆಯ ಚಿತ್ರ ತೋರಿಸಿ, "ಇದು ಮೆದುಳಿನ ಗಡ್ಡೆ ಅಲ್ಲ, ಮೆದುಳಿನ ಮೇಲೆ ಒಂದು ಪೊರೆ ಇರುತ್ತೆ, ಆ ಹೊದಿಕೆಯದ್ದು. ಮುಖ ಆಡಿಸೋ ಭಾಗದ ಮೇಲೇ ಕೂತಿದೆ. ಕೆನ್ನೆ ಅದುರ್ತಿತ್ತಾ?" ಎಂದರು. ನಾನು ಪತ್ರಿಕೆಯ ತುಣುಕನ್ನು ಜೇಬಿನಿಂದ ತೆಗೆಯಲು ಹೋಗಿದ್ದೆ. ತೆಗೆಯಲಿಲ್ಲ.

ಕತ್ತರಿಸಿ ತೆಗೆಯುತ್ತಾರಂತೆ. ನೀನು ಹೆದರಬೇಡ. ಎಷ್ಟು ಸಲ ನನ್ನ ತಲೆ ಉರುಳಿಲ್ಲ, ಎಷ್ಟು ಸಲ ಮಾರನೆಯ ದಿನ ಟಿಕೆಟ್ ಮಾರಿಲ್ಲ!

ಇಂತಿ,
ಮೂರೂ ಲೋಕ ನಡುಗಿಸುವ (ಸದ್ಯಕ್ಕೆ ತಾನೇ ನಡುಗುತ್ತಿರುವ)
ಅಪ್ಪ

·

ಆಗಸ್ಟ್ ೧೧

ಅಪ್ಪ,

ಪತ್ರ ಬಂತು. ಡಿಪೋದ ಕ್ಯಾಂಟೀನಿನಲ್ಲಿ ಓದಿದೆ. ಪಕ್ಕದಲ್ಲಿ ಕೂತಿದ್ದ ಕಂಡಕ್ಟರ್, "ಏನಕ್ಕಾ, ಹಿಂಗ್ ಬಿಳಿಚ್ಕೊಂಡಿದೀಯ" ಎಂದ. ಏನಿಲ್ಲ, ನಮ್ಮಪ್ಪ ಬರೆದಿದ್ದು ಎಂದೆ. "ಹಾಗಾದ್ರೆ ಸರಿ ಬಿಡು" ಅಂತ ಎದ್ದು ಹೋದ. ನಿನ್ನ ಖ್ಯಾತಿ ಇಲ್ಲಿಯವರೆಗೂ ಇದೆ.

ನಿನಗೆ ಫಿಟ್ಸ್ ಬಂದಿದ್ದಕ್ಕೆ ಜನ ವನ್ಸ್ ಮೋರ್ ಅಂದರು. ನೀನು ಅದನ್ನು ಆಶ್ಚರ್ಯ ಚಿಹ್ನೆ ಹಾಕಿ ಬರೆದಿದ್ದೀಯ. ಇದಕ್ಕೆ ನಾನು ಏನು ಹೇಳಬೇಕು?

ನನಗೆ ಬೇಕಾಗಿರುವುದು ಇಷ್ಟು. ಆಪರೇಷನ್ ಯಾವತ್ತು? ಯಾರು ಜೊತೆಗಿರುತ್ತಾರೆ? ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ? ಫೋನ್ ಮಾಡಿದರೆ ಎರಡು ನಿಮಿಷ ರಾಜನ ಮಾತು ಆಡಿ ಇಟ್ಟುಬಿಡುತ್ತೀಯ. ದಿನಾಂಕ ಬರೆದು ಕಳಿಸು. ರೂಟ್ ಬದಲಾಯಿಸಿಕೊಂಡು ಬರುತ್ತೇನೆ.

ಆಸ್ಪತ್ರೆಯಲ್ಲಿ ಜೋರಾಗಿ ಮಾತಾಡಬೇಡ. ಬೇರೆ ರೋಗಿಗಳೂ ಇರುತ್ತಾರೆ.

ಮಗಳು

·

ಸೆಪ್ಟೆಂಬರ್ ೪

ಸಾರಥಿಗೆ,

ಆಯಿತು. ಯುದ್ಧ ಮುಗಿದು ಹತ್ತು ದಿನ ಕಳೆಯಿತು. ದಿನಾಂಕ ಹೇಳಲಿಲ್ಲವೆಂದು ಸಿಡುಕಬೇಡ. ಅರ್ಧ ತಲೆ ಬೋಳಿಸಿ, ಹಿಂದೆ ದಾರ ಕಟ್ಟುವ ಆ ಅಂಗಿ ತೊಡಿಸಿ, ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಮಗಳು ನೋಡುವಂಥ ದೃಶ್ಯ ಅದಾಗಿರಲಿಲ್ಲ. ಅದಕ್ಕೆ ಪ್ರೇಕ್ಷಕರಿಲ್ಲದೆ ಮುಗಿಸಿದೆ.

ಸರ್ಜನ್ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಒಂದು ಮಾತೂ ಉಬ್ಬಿಸಿಲ್ಲ: "ಬಹುಪಾಲು ತೆಗೆದಿದ್ದೀವಿ. ಒಂದು ಚೂರು ದೊಡ್ಡ ರಕ್ತನಾಳಕ್ಕೆ ಅಂಟ್ಕೊಂಡಿತ್ತು, ಎಳೆದಿದ್ರೆ ನಿಮ್ಮ ಕೈಕಾಲು ಹೋಗ್ತಿತ್ತು. ಬಿಟ್ಟಿದ್ದೀವಿ." ಆಮೇಲೆ ಲ್ಯಾಬಿನಿಂದ ಬಂದ ಫಲಿತಾಂಶ ನೋಡಿ ಮತ್ತೊಮ್ಮೆ ಕರೆಸಿದರು. ಈ ಪೊರೆಯ ಗಡ್ಡೆಗಳು ಸಾಮಾನ್ಯವಾಗಿ ಸೋಮಾರಿಗಳಂತೆ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತವಂತೆ. ನನ್ನದು ಅಪರೂಪದ ಜಾತಿ. ಬಿಟ್ಟರೆ ಆ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ. ಗಾಯ ಮಾಗಿದ ಮೇಲೆ ಆರು ವಾರ ಕರೆಂಟು ಕೊಡಬೇಕು ಎಂದರು. ರೇಡಿಯೇಷನ್ನಿಗೆ ಇಲ್ಲಿ ಎಲ್ಲರೂ ಹಾಗೇ ಹೇಳುವುದು.

ಇನ್ನೊಂದು ಸಣ್ಣ ಸಂಗತಿ. ಎಡತುಟಿಯ ತುದಿ ಕೆಳಗೆ ಜಾರಿ ನಿಂತಿದೆ. ಊತ ಇಳಿದರೆ ಸರಿಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು ಎನ್ನುತ್ತಾರೆ. ತುಟಿ ಕೂಡಿಸಿ ಹೇಳುವ ಅಕ್ಷರಗಳೆಲ್ಲ ಆ ಸಂದಿಯಲ್ಲಿ ಸೋರಿಹೋಗುತ್ತಿವೆ. ನಿನ್ನೆ "ಭಲೇ" ಎನ್ನಲು ಹೋದೆ. ಬರೀ ಗಾಳಿ ಬಂತು, ಗಾಳಿಯ ಜೊತೆ ಜೊಲ್ಲು.

ಆದ್ದರಿಂದ ಫೋನ್ ಮಾಡಬೇಡ, ಎತ್ತುವುದಿಲ್ಲ. ಕಾಗದದ ಮೇಲೆ ನನ್ನ ದನಿ ಇನ್ನೂ ಸರಿಯಿದೆ. ಇಲ್ಲೇ ಕೇಳಿಸಿಕೋ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇವೆ. ಬಣ್ಣದ ಮಾಸ್ಟರ್ ಜೊತೆಗಿದ್ದಾನೆ. ಅಡುಗೆ ಅವನದೇ. ಸಾರಿಗೂ ಬಣ್ಣ ಚೆನ್ನಾಗಿರುತ್ತದೆ, ರುಚಿ ಮಾತ್ರ ಕೇಳಬೇಡ.

ಅಪ್ಪ

·

ಸೆಪ್ಟೆಂಬರ್ ೧೨

ಅಪ್ಪ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ, ಈ ಪತ್ರ ಮೂರನೇ ಸಲ ಬರೆಯುತ್ತಿದ್ದೇನೆ.

ತಲೆ ತೆರೆಯುವಾಗ ಹೊರಗೆ ಬಣ್ಣದ ಮಾಮ ಒಬ್ಬರೇ ಕೂತಿದ್ದರಾ? ಅವರಿಗೆ ಟೀ ಕೊಡಿಸುವವರಾದರೂ ಇದ್ದರಾ? ನಿನ್ನ ಬೋಳುತಲೆ ನೋಡಿದರೆ ನಾನೇನು ಸವೆದುಹೋಗುತ್ತಿದ್ದೆನೇ?

ಇರಲಿ. ಕರೆಂಟು ಶುರುವಾಗುವ ದಿನವನ್ನಾದರೂ ತಿಳಿಸು. ಒಂದು ವಾರ ತಪ್ಪಿಸಬೇಡ, ಒಂದು ದಿನ ತಪ್ಪಿಸಬೇಡ. ಇಲ್ಲಿ ನಮ್ಮ ಮೆಕ್ಯಾನಿಕ್ಕಿನ ಅತ್ತೆಗೂ ಇಂಥದೇ ಆಗಿತ್ತಂತೆ, ಅರ್ಧಕ್ಕೆ ಬಿಟ್ಟಿದ್ದಕ್ಕೆ ಎರಡನೇ ಸಲ ತಲೆ ತೆರೆಯಬೇಕಾಯಿತಂತೆ. ಹೆದರಿಸಲು ಬರೆಯುತ್ತಿಲ್ಲ. ಹೆದರಿಸಲೇ ಬರೆಯುತ್ತಿದ್ದೇನೆ ಅಂದುಕೋ.

ಗಾಳಿಯೇ ಬರಲಿ, ಫೋನ್ ಎತ್ತು.

ಮಗಳು

·

ಅಕ್ಟೋಬರ್ ೧೪

ರಥಿಕರಲ್ಲಿ ಶ್ರೇಷ್ಠಳಾದ ಮಗಳಿಗೆ, ಜಯವಾಗಲಿ!

ಕೇಳು, ಕೇಳು! ನಿನ್ನ ಅಪ್ಪನಿಗೆ ಮತ್ತೆ ವೇಷ ಕಟ್ಟಿದರು!

ಕರೆಂಟು ಕೊಡುವಾಗ ತಲೆ ಎಳ್ಳಷ್ಟೂ ಅಲುಗಬಾರದು. ಅಲುಗಿದರೆ ಬೆಳಕಿನ ಬಾಣ ಆ ಚೂರನ್ನು ಬಿಟ್ಟು ಪಕ್ಕಕ್ಕೆ ಬೀಳುತ್ತದೆ. ಅದಕ್ಕೆ ಪ್ರತಿ ರೋಗಿಯ ಮುಖಕ್ಕೂ ಅವನದೇ ಅಚ್ಚು ತೆಗೆದು, ಆ ಮುಖವಾಡದಿಂದ ತಲೆಯನ್ನು ಮಂಚಕ್ಕೆ ಬಿಗಿದು ಮಲಗಿಸುತ್ತಾರೆ. ಈ ಕೆಲಸದ ಟೆಕ್ನಿಷಿಯನ್ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕೋಣೆಯೆಲ್ಲ ಹುಡುಕುವವಳು. ಬಿಸಿನೀರಿನ ತೊಟ್ಟಿಯಿಂದ ಜಾಳಿಗೆಯಂಥ ಬಿಳಿ ಹಾಳೆಯನ್ನು ತೆಗೆದು, ನೀರು ಕೊಡವಿ, "ಕಣ್ಣು ಮುಚ್ಚಿ ಸರ್. ಮುಖ ಸಡಿಲ ಬಿಡಿ. ಏನೂ ಮಾಡ್ಬೇಡಿ, ಸುಮ್ನೆ ಮಲಗಿ" ಎಂದಳು.

ಏನೂ ಮಾಡದೆ ಇರು ಎಂದು ನನಗೆ! ಹುಟ್ಟಿದಂದಿನಿಂದ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಬಿಸಿಹಾಳೆ ಮುಖದ ಮೇಲೆ ಬೀಳುವ ಹೊತ್ತಿಗೆ ಒಂದು ಯೋಚನೆ ಬಂತು. ಇದು ಮುಖದ ಅಚ್ಚು. ಇದರಲ್ಲಿ ಏನು ಮೂಡುತ್ತದೋ ಅದೇ ಉಳಿಯುತ್ತದೆ. ಆ ಜೋತುಬಿದ್ದ ತುಟಿ ಮೂಡಬೇಕೇ? ಹಲ್ಲು ಕಚ್ಚಿ ದವಡೆ ಮುಂದೆ ತಂದೆ. ಗದ್ದ ಎತ್ತಿದೆ. ಬಲಗೆನ್ನೆಯ ಬಲವನ್ನೆಲ್ಲ ಕೊಟ್ಟು ಎಡತುಟಿಯನ್ನು ಮೇಲಕ್ಕೆಳೆದೆ. ಪಟ್ಟಾಭಿಷೇಕದ ದೃಶ್ಯದ ಮುಖ! ಹಾಳೆ ಆರುವ ತನಕ ಹಿಡಿದಿದ್ದೆ. ಬೆವರಿಳಿಯಿತು.

ಮುಖವಾಡ ನೋಡಿದೆ. ಒಂದು ಬದಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದಾರೆ. ಎಂಥ ಗಾಂಭೀರ್ಯ ಅಂತೀಯ! ಪಕ್ಕದ ಕಪಾಟಿನಲ್ಲಿ ಉಳಿದವರ ಮುಖಗಳು ಸಾಲಾಗಿ ನೇತಾಡುತ್ತಿದ್ದವು, ಎಲ್ಲವೂ ನಿದ್ದೆ ಹೋದ ಸೈನಿಕರಂತೆ. ನಡುವೆ ನಾನೊಬ್ಬನೇ ದೊರೆ.

ಮೊದಲ ವಾರ ಮುಗಿಯಿತು. ನೋವಿಲ್ಲ. ದಿನವೂ ಹೋಗಿ ಆ ಮುಖ ಮಾಡಿಕೊಂಡು ಒಳಗೆ ತೂರಿಕೊಳ್ಳುವುದು ಒಂದಿಷ್ಟು ಶ್ರಮ, ಅಷ್ಟೇ. ಕಾಯುವ ಹಜಾರದಲ್ಲಿ ಕೂರುವ ರೋಗಿಗಳಿಗೆ ನಾನು ನಾಟಕದವನೆಂದು ಗೊತ್ತಾಗಿದೆ. "ಒಂದು ದೃಶ್ಯ ಮಾಡಿ ತೋರ್ಸಿ ಯಜಮಾನ್ರೇ, ಇಲ್ಲಿ ಕೂತು ಕೂತು ಬೇಜಾರು" ಎಂದು ಗಂಟುಬಿದ್ದಿದ್ದಾರೆ. ಬರುವ ಶುಕ್ರವಾರ ಕರೆಂಟು ಮುಗಿಸಿಕೊಂಡು ಅಲ್ಲೇ ಆಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮನೆಯಲ್ಲಿ ಗಟ್ಟಿಯಾಗಿ ತಾಲೀಮು ನಡೆದಿದೆ. ಅಕ್ಷರಗಳು ಒಂದೊಂದಾಗಿ ತುಟಿಗೆ ಮರಳುತ್ತಿವೆ.

ರಜೆ ಸಿಕ್ಕರೆ ಬಾ. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಸಿಡುತ್ತೇನೆ. ಸಿಗದಿದ್ದರೆ ಚಿಂತೆಯಿಲ್ಲ.

ಇಂತಿ,
ಗುಡುಗು, ಉರುಫ್ ನಿನ್ನ ಅಪ್ಪ

·

ಅಕ್ಟೋಬರ್ ೨೪

ಅಪ್ಪ,

ಹೋದ ಶುಕ್ರವಾರ ಬರಬೇಕೆಂದು ತುಂಬಾ ಪ್ರಯತ್ನಪಟ್ಟೆ. ರಜೆ ಸಿಗಲಿಲ್ಲ. ಇಬ್ಬರು ಡ್ರೈವರುಗಳಿಗೆ ಜ್ವರ, ನನಗೆ ಎರಡು ಪಾಳಿ ಹಾಕಿದರು.

ನಿನ್ನ ದೃಶ್ಯ ಚೆನ್ನಾಗಿಯೇ ಆಗಿರುತ್ತದೆ.

ತಲೆಗೆ ಚಳಿಯಾಗಬಾರದೆಂದು ಉಣ್ಣೆಯ ಟೋಪಿ ಕಳಿಸಿದ್ದೇನೆ. ಮೆತ್ತಗಿನದು, ಗಾಯದ ಗೆರೆಗೆ ತಾಗುವುದಿಲ್ಲ.

ಹುಷಾರು.

ಮಗಳು

·

ಅಕ್ಟೋಬರ್ ೩೦

ಮಗಳಿಗೆ,

ಟೋಪಿ ಬಂತು. ಅಳತೆ ಸರಿಯಿದೆ.

ನಿನಗೆ ರಜೆ ಸಿಗಲಿಲ್ಲವೆಂದು ತಿಳಿದು ಬೇಸರವಾಯಿತು. ಡ್ರೈವರುಗಳಿಗೆ ಜ್ವರ ಬರುವ ಕಾಲ ಇದು. ನೀಲಿ ಜಾಕೀಟು ತೊಟ್ಟ ಡ್ರೈವರುಗಳು ಎಲ್ಲ ಊರುಗಳಲ್ಲೂ ಇರುತ್ತಾರೆ, ಯಾರ ಬೆನ್ನು ಯಾರದೆಂದು ದೂರದಿಂದ ಹೇಳುವುದು ಕಷ್ಟ.

ಶುಕ್ರವಾರದ ದೃಶ್ಯ ಚೆನ್ನಾಗಿ ಆಗಲಿಲ್ಲ. ಬಣ್ಣದ ಮಾಸ್ಟರ್ ಬೇಡ ಬೇಡ ಎಂದ. "ಅಣ್ಣಾ, ಬಣ್ಣ ಹಚ್ಚಿದ್ರೆ ಬಾಯಿ ಮೇಲಕ್ಕೆ ಬರಲ್ಲ, ಕೇಳು ನನ್ ಮಾತು" ಎಂದ. ನಾನೇ ಕೈಯಾರೆ ಕೆಂಪು ತೆಗೆದುಕೊಂಡು, ಎಡತುಟಿ ಇರಬೇಕಾದ ಜಾಗದಲ್ಲಿ ಇನ್ನೊಂದು ತುಟಿ ಬರೆದುಕೊಂಡೆ. ದೂರದಿಂದ ಸರಿಯಾಗಿ ಕಾಣುತ್ತದೆ ಎಂದುಕೊಂಡಿದ್ದೆ. ಆ ಹಜಾರದಲ್ಲಿ ದೂರ ಎಲ್ಲಿದೆ? ಮೊದಲ ಸಾಲಿನವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಎರಡು ಮಾತು ಆಡುವಷ್ಟರಲ್ಲಿ ಜೊಲ್ಲು ಇಳಿಯಿತು. ಜೊಲ್ಲಿನ ಜೊತೆ ಬಣ್ಣವೂ ಇಳಿಯಿತು. ನನಗೆ ಗೊತ್ತಾಗಲೇ ಇಲ್ಲ, ಆ ಕಡೆ ಸ್ಪರ್ಶ ಮಂದ. ನಾನು ಗುಡುಗುತ್ತಲೇ ಇದ್ದೆ. ಒಬ್ಬಾಕೆ "ಅಯ್ಯೋ ರಕ್ತ, ನರ್ಸನ್ನ ಕರೀರಿ" ಎಂದು ಕಿರುಚಿದಳು. ಇನ್ನೊಬ್ಬ ನಕ್ಕ. ನಕ್ಕವನ ತಪ್ಪಿಲ್ಲ. ನೋಡುವಾಗ ಹಾಗೇ ಇತ್ತು.

ಆಮೇಲಿನ ವಾರ ಹೇಗೋ ಎಳೆದೆ, ಈ ವಾರ ನನಗೆ ಆ ಮುಖ ಎತ್ತಲು ಆಗಲಿಲ್ಲ. ಪ್ರತಿ ದಿನವೂ ಬೆಳಕು ಬಿಡುವ ಮೊದಲು ಒಂದು ಚಿತ್ರ ತೆಗೆದು, ಮೊದಲ ದಿನದ ಚಿತ್ರದ ಮೇಲಿಟ್ಟು ನೋಡುತ್ತಾರೆ. ಎರಡೂ ಕೂಡಿದರೆ ಮಾತ್ರ ಮುಂದಿನದು. ಸೋಮವಾರ ಕೂಡಲಿಲ್ಲ. ಗದ್ದ ಕೆಳಗೆ, ತಲೆ ಓರೆ, ಮುಖವಾಡ ಒಂದು ಕಡೆ ಒತ್ತುತ್ತಿದೆ, ಇನ್ನೊಂದು ಕಡೆ ಸಡಿಲ. ಮತ್ತೆ ಮಲಗಿಸಿದರು. ಮತ್ತೆ ಕೂಡಲಿಲ್ಲ. ಟೆಕ್ನಿಷಿಯನ್ ಕನ್ನಡಕ ಇಳಿಸಿ ನನ್ನನ್ನೇ ನೋಡಿದಳು. "ಸರ್, ಅಚ್ಚು ಹಾಕೋ ದಿನ ಏನಾದ್ರೂ ಮಾಡಿದ್ರಾ?"

ಏನು ಹೇಳಲಿ? ಏನೂ ಇಲ್ಲ ಎಂದೆ. ಅವಳು ಮುಖವಾಡವನ್ನು ಕೈಯಲ್ಲಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ರೇಡಿಯೇಷನ್ ಡಾಕ್ಟರು ಬಂದರು. ಯಂತ್ರದ ಲೆಕ್ಕ ಹಾಕುವವರು ಬಂದರು. ಎಲ್ಲರೂ ನನ್ನ ಮಂಚದ ಸುತ್ತ. ಹೇಳಲೇಬೇಕಾಯಿತು. "ರಾಜನ ಮುಖ ಮಾಡಿದ್ದೆ." ತುಟಿ ಕೂಡಲಿಲ್ಲವಾದ್ದರಿಂದ ಮೊದಲ ಸಲ ಯಾರಿಗೂ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು, "ಪರವಾಗಿಲ್ಲ, ಹೊಸ ಅಚ್ಚು ಹಾಕಿ, ಹೊಸದಾಗಿ ಲೆಕ್ಕ ಮಾಡೋಣ. ಬುಧವಾರ ಬನ್ನಿ. ಜಾಸ್ತಿ ದಿನ ಬಿಡೋ ಹಾಗಿಲ್ಲ, ಗಡ್ಡೆ ಕಾಯಲ್ಲ" ಎಂದರು. ನನ್ನಿಂದಾಗಿ ಅಂದು ಹೊರಗೆ ಕಾಯುತ್ತಿದ್ದವರೆಲ್ಲ ಸಂಜೆಯ ತನಕ ಕೂತರು. ಅವರ ಮುಂದಿನಿಂದಲೇ ನಡೆದು ಹೊರಗೆ ಬಂದೆ.

ಬುಧವಾರ ನಿನ್ನೆ. ನಾನು ಹೋಗಲಿಲ್ಲ. ಮಾಸ್ಟರ್ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದ. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ಅವರ ಮುಂದೆ ಮತ್ತೆ ಮಲಗಿ, ಈ ಮುಖವನ್ನು ಹೀಗೆಯೇ ಇರಲು ಬಿಟ್ಟು, ಅದನ್ನು ಅಚ್ಚು ತೆಗೆಸಿ, ನನ್ನ ಹೆಸರಂಟಿಸಿ, ಆ ಸಾಲಿನಲ್ಲಿ ನೇತುಹಾಕಿಸುವುದು ನನ್ನಿಂದ ಆಗದು. ಬೆಳೆಯುವುದಾದರೆ ಬೆಳೆಯಲಿ.

ನೀನು ಬರುವುದು ಬೇಡ. ನಿನಗೂ ಪಾಳಿಗಳಿರುತ್ತವೆ.

ಅಪ್ಪ

·

ನವೆಂಬರ್ ೧

ಅಪ್ಪ,

ಇದನ್ನು ಕೊರಿಯರ್ ಹುಡುಗನ ಕೈಗೆ ಕೊಟ್ಟು, ನಾಳೆಯೇ ತಲುಪಿಸಬೇಕೆಂದು ಜಗಳವಾಡಿ ಕಳಿಸುತ್ತಿದ್ದೇನೆ.

ಆ ಬೆನ್ನು ನನ್ನದೇ. ನಿನಗೆ ಗೊತ್ತಿದೆ. ಗೊತ್ತಿದ್ದೂ ಜ್ವರದ ಕಾಲ ಎಂದು ಬರೆದೆ.

ಶುಕ್ರವಾರ ಬೆಳಗಿನ ಪಾಳಿ ಮುಗಿಸಿ, ಆ ನೀಲಿ ಜಾಕೀಟನ್ನೂ ಕಳಚದೆ ಬಸ್ ಹತ್ತಿದ್ದೆ. ದಾರಿಯುದ್ದಕ್ಕೂ ನಿನ್ನೊಡನೆ ಜಗಳ ಆಡುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಹಜಾರದ ಹಿಂದೆ ಕುಡಿಯುವ ನೀರಿನ ಕೊಳಾಯಿಯ ಹತ್ತಿರ ನಿಂತೆ. ನೀನು ಶುರುಮಾಡಿದೆ. ಮೊದಲು ದನಿ ಕೇಳಿ ಎದೆ ತುಂಬಿ ಬಂತು. ಆಮೇಲೆ ಬಣ್ಣ ಇಳಿಯಿತು. ನೀನು ನಿಲ್ಲಿಸಲಿಲ್ಲ. ಗದ್ದದಿಂದ ಅಂಗಿಯ ಕಾಲರಿಗೆ ಕೆಂಪು ಇಳಿಯುತ್ತಿದೆ, ನೀನು ಕೈಯೆತ್ತಿ ಯಾರನ್ನೋ ಕ್ಷಮಿಸುತ್ತಿದ್ದೀಯ.

ನನ್ನ ಪಕ್ಕದಲ್ಲಿದ್ದ ಹೆಂಗಸು, "ಪಾಪ, ಯಾರಮ್ಮಾ ಇವ್ರು? ನಿಮ್ಮೋರಾ?" ಎಂದಳು.

"ಅಲ್ಲ, ಗೊತ್ತಿಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದೇ ಮೊದಲು ಬಂತು. ಹೇಳಿದ ಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ, ಏಕೆಂದರೆ ಇನ್ನು ನಿನ್ನ ಹತ್ತಿರ ಬಂದು ಅಪ್ಪಾ ಎಂದರೆ ಅವಳ ಎದುರು ಸುಳ್ಳಿಯಾಗುತ್ತೇನೆ. ಗುರುತಿಲ್ಲದ ಹೆಂಗಸಿನ ಎದುರು ಸುಳ್ಳಿಯಾಗಬಾರದೆಂದು ನಿನ್ನನ್ನು ಹಾಗೇ ಬಿಟ್ಟು ಬಂದೆ. ನಿಲ್ದಾಣದಲ್ಲಿ ಎರಡು ಬಸ್ ಬಿಟ್ಟೆ. ಹಿಂದಿರುಗುತ್ತೇನೆ ಎಂದುಕೊಂಡೆ. ಮೂರನೆಯದಕ್ಕೆ ಹತ್ತಿದೆ. ಆಮೇಲೆ ಕೂತು ಎರಡು ಪಾಳಿ, ಜ್ವರ ಎಂದು ಬರೆದೆ, ಟೋಪಿ ಕೊಂಡು ಕಳಿಸಿದೆ.

ಚಿಕ್ಕವಳಿದ್ದಾಗಿನಿಂದ ನಿನ್ನ ಜೊತೆ ಹೊರಗೆ ಹೋಗಲು ನನಗೆ ನಾಚಿಕೆಯಾಗುತ್ತಿತ್ತು. ಅಂಗಡಿಯಲ್ಲಿ ಸಕ್ಕರೆ ಕೇಳಿದರೂ ಸಭೆಗೆ ಕೇಳಿಸಬೇಕು ನಿನಗೆ. ನಾನು ಡ್ರೈವರ್ ಆಗುತ್ತೇನೆ ಎಂದಾಗ, ರಂಗ ಬಿಟ್ಟು ಬಸ್ಸೇ ಎಂದು ನೀನು ಅತ್ತೆ. ಆಗ ಹೇಳಿದ್ದೆನಲ್ಲ, ಜನ ನನ್ನ ಬೆನ್ನ ಹಿಂದೆ ಕೂತಿರಲಿ, ಎದುರಿಗೆ ಬೇಡ ಎಂದು. ಆದರೆ ಆಗಿನ ನಾಚಿಕೆ ಬೇರೆ. ಈಗ ನಿನ್ನ ಕಾಯಿಲೆಗೆ ನಾಚಿದೆ. ಅದನ್ನು ನಾನು ಯಾರ ಎದುರೂ ಹೇಳಲಾರೆ, ನಿನ್ನ ಎದುರು ಬಿಟ್ಟು.

ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಅಚ್ಚು ಹಾಕಿಸು. ನಿನ್ನ ತಲೆಯಲ್ಲಿರುವ ಆ ಚೂರಿಗೆ ನಮ್ಮಿಬ್ಬರ ನಾಚಿಕೆ ಗೊತ್ತಿಲ್ಲ. ನೀನು ಕೋಣೆಯಲ್ಲಿ ಅಡಗಿ ಕೂತರೆ ಅದಕ್ಕೆ ಒಳ್ಳೆಯದೇ ಆಯಿತು. ನಾನು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಬರುವ ಬುಧವಾರ ಬೆಳಗ್ಗೆ ಮತ್ತೆ ಸಮಯ ಕೊಟ್ಟಿದ್ದಾರೆ. ಅಚ್ಚು ಹಾಕುವ ಕೋಣೆಯಲ್ಲಿ ಬೆಳಕು ಬಿಡುವ ಯಂತ್ರ ಇರುವುದಿಲ್ಲವಂತೆ, ಮನೆಯವರು ಒಳಗೇ ನಿಲ್ಲಬಹುದಂತೆ.

ನಾನು ಬಂದು ನಿಲ್ಲುತ್ತೇನೆ. ಬೇಡ ಎಂದರೂ ಬರುತ್ತೇನೆ. ಆದರೆ ನೀನೇ ಬಾ ಅಂದರೆ ಒಳ್ಳೆಯದು.

ಮಗಳು

·

ನವೆಂಬರ್ ೩

ಮಗಳೇ,

ಮಾಸ್ಟರ್ ನಿನ್ನ ಪತ್ರವನ್ನು ಓದಿ ಹೇಳಲು ಹೋಗಿ ಮಧ್ಯದಲ್ಲಿ ನಿಲ್ಲಿಸಿ ನನ್ನ ಕೈಗೆ ಕೊಟ್ಟ.

ನೀನು ಗೊತ್ತಿಲ್ಲ ಎಂದದ್ದಕ್ಕೆ ನನಗೆ ಕೋಪವಿಲ್ಲ. ದೊಡ್ಡ ಮನಸ್ಸು ತೋರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಆ ಕೊಳಾಯಿಯ ಹತ್ತಿರ ನಾನು ನಿಂತಿದ್ದು, ಎದುರಿಗೆ ಅಂಥವನೊಬ್ಬ ಇದ್ದಿದ್ದರೆ, ನಾನೂ ಗೊತ್ತಿಲ್ಲ ಎನ್ನುತ್ತಿದ್ದೆ. ಹೇಳುತ್ತಿದ್ದೆ ಏನು, ಹೇಳುತ್ತಲೇ ಇದ್ದೇನೆ! ಕೋಣೆಯ ಕನ್ನಡಿಗೆ ಟವೆಲ್ ಹೊದಿಸಿರುವವನು ಯಾರು? ನೀನು ಒಂದು ಸಲ ಅಂದೆ. ನಾನು ಹಲ್ಲುಜ್ಜುವಾಗಲೆಲ್ಲ ಅನ್ನುತ್ತೇನೆ.

ಬಾ. ಒಂದೇ ಕರಾರು. ನೀನು ನಟಿಸಬಾರದು. ಧೈರ್ಯ ಗೀರ್ಯ ಮುಖಕ್ಕೆ ಬಳಿದುಕೊಂಡು ಬರಬೇಡ. ನನಗೆ ಕಂಡುಹಿಡಿಯಲು ಬರುತ್ತದೆ, ಅದು ನನ್ನ ಕಸುಬು.

ಅಪ್ಪ

·

ನವೆಂಬರ್ ೧೩

ಸಾರಥಿಗೆ,

ಮೊನ್ನೆಯಿಂದ ಕರೆಂಟು ಮತ್ತೆ ಶುರುವಾಗಿದೆ. ಬಿಟ್ಟುಹೋದ ದಿನಗಳನ್ನು ಕೊನೆಯಲ್ಲಿ ಸೇರಿಸಿ ಕೊಡುತ್ತಾರಂತೆ. ಹಳೆಯ ಅಚ್ಚಿನ ದಿನಗಳಲ್ಲಿ ಬೆಳಕು ಬಿದ್ದದ್ದು ಸರಿಯಾದ ಜಾಗಕ್ಕೇ ಎಂದು ಲೆಕ್ಕದವರು ಹೇಳಿದರು. ಆಗ ಮುಖ ಎತ್ತಿ ಹಿಡಿದಿದ್ದೆನಲ್ಲ. ಇನ್ನೊಂದು ವಾರ ಹಾಗೇ ಹಿಡಿಯಬಹುದಿತ್ತು, ಆರು ವಾರ ಯಾವ ನಟನಿಂದಲೂ ಆಗುವುದಿಲ್ಲ.

ನಿನ್ನೆ ಚಿತ್ರ ಮೊದಲ ಸಲಕ್ಕೇ ಕೂಡಿತು. ಟೆಕ್ನಿಷಿಯನ್ ಮೈಕಿನಲ್ಲಿ, "ಬಂತು ಸರ್, ಹಾಗೇ ಇರಿ" ಎಂದಳು. ನಾನು ಏನೂ ಮಾಡಿರಲಿಲ್ಲ.

ತಲೆಯ ಚರ್ಮ ಕೆಂಪಾಗಿದೆ, ಕೂದಲು ಒಂದು ಕಡೆ ಉದುರುತ್ತಿದೆ, ಮಧ್ಯಾಹ್ನ ಗೋಣಿಚೀಲ ಮೇಲೆ ಬಿದ್ದ ಹಾಗೆ ನಿದ್ದೆ ಬರುತ್ತದೆ. ಇದೆಲ್ಲ ಮಾಮೂಲಿಯಂತೆ. ಮುಗಿದ ಮೇಲೆ ಮೂರು ತಿಂಗಳಿಗೆ ಸ್ಕ್ಯಾನ್. ಆಮೇಲೆ ಮತ್ತೆ. ಆ ಚೂರು ಸುಮ್ಮನಾಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಒಂದು ಕೇಳಬೇಕು. ಹೋದ ವಾರ ಅಚ್ಚು ಆರುವಾಗ ನಾನು ಕಣ್ಣು ಮುಚ್ಚಿದ್ದೆ. ಹೊರಗೆ ಬಂದ ಮೇಲೆ ನಿನ್ನನ್ನು ಹೇಗಿತ್ತು ಎಂದು ಕೇಳಿದೆ. ನೀನು "ಸರಿಯಾಯ್ತಪ್ಪ, ನಡಿ, ಟೀ ಕುಡಿಯೋಣ" ಎಂದೆ. ಬಸ್ ಹತ್ತುವ ತನಕ ಅದೊಂದನ್ನು ಬಿಟ್ಟು ಎಲ್ಲ ಮಾತಾಡಿದೆ. ಕಿಟಕಿಯಿಂದ ಕೈಯಾಡಿಸುವಾಗಲೂ ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದೆ.

ಹೇಗಿತ್ತು? ಇದ್ದಂತೆ ಬರೆ.

ಅಪ್ಪ

·

ನವೆಂಬರ್ ೧೮

ಅಪ್ಪ,

ಇದ್ದಂತೆ ಬರೆಯುತ್ತೇನೆ.

ಅವರು ಹಾಳೆಯನ್ನು ನೀರಿನಿಂದ ತೆಗೆಯುವಾಗ ನೀನು ರೂಢಿಯಂತೆ ಗದ್ದ ಎತ್ತಿದೆ. ನಿನಗೆ ಅದು ಗೊತ್ತಾಗಿರಲಿಕ್ಕಿಲ್ಲ. ಟೆಕ್ನಿಷಿಯನ್ ನನ್ನ ಕಡೆ ನೋಡಿದರು. ನಾನು "ಅಪ್ಪಾ" ಎಂದೆ, ಅಷ್ಟೇ. ನೀನು ಇಳಿಸಿದೆ.

ಮೊದಲು ದವಡೆ ಹಿಂದೆ ಸರಿಯಿತು. ಆಮೇಲೆ ಹಣೆ. ಬಲಗೆನ್ನೆ ಬಹಳ ಹೊತ್ತು ಒಪ್ಪಲಿಲ್ಲ, ಒಂದೆರಡು ಸಲ ಎಳೆಯಿತು, ಆಮೇಲೆ ಅದೂ ಬಿಟ್ಟಿತು. ಎಡಗಡೆ ತುಟಿ ಪೂರ್ತಿ ಇಳಿಯಿತು. ಕಣ್ಣಿನ ಕೆಳಗೆ ಚರ್ಮ ಜೋತುಬಿತ್ತು. ನಿನಗೆ ಅಷ್ಟು ವಯಸ್ಸಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನೀನು ಗೊರಕೆ ಹೊಡೆದು ಮಲಗಿದಾಗಲೂ ನಿನ್ನ ಮುಖದಲ್ಲಿ ಯಾರಾದರೊಬ್ಬ ರಾಜ ಇರುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಹಾಳೆ ಹೊದಿಸಿ, ಅಂಚುಗಳನ್ನು ಮಂಚಕ್ಕೆ ಬಿಗಿದು, ಬೆರಳುಗಳಿಂದ ಮೂಗಿನ ಪಕ್ಕ, ಗದ್ದದ ಕೆಳಗೆ ಮೆಲ್ಲಗೆ ಒತ್ತಿದರು.

ಸ್ವಲ್ಪ ಹೊತ್ತಿಗೆ ಜಾಳಿಗೆಯ ಸಣ್ಣ ತೂತುಗಳಿಂದ ಜೊಲ್ಲು ಹೊರಬಂದು ಕಿವಿಯ ಕಡೆ ಇಳಿಯತೊಡಗಿತು. ನಾನು ಕರವಸ್ತ್ರ ತೆಗೆದು ಮುಂದೆ ಹೋದೆ. "ಮುಟ್ಬೇಡಿ ಅಮ್ಮ, ಇನ್ನೂ ಆರಿಲ್ಲ. ಈಗ ಒತ್ತಿದ್ರೆ ಅಚ್ಚು ಕೆಡುತ್ತೆ" ಎಂದರು. ನಿಲ್ಲಿಸಿಬಿಟ್ಟರು. ಒರೆಸುವ ಹಾಗಿಲ್ಲ, ಕೈ ಹಿಡಿಯುವ ಹಾಗಿಲ್ಲ, ಮಾತಾಡಿದರೆ ನೀನು ಉತ್ತರ ಕೊಡಲು ಹೋಗುತ್ತೀಯ, ಅದೂ ಇಲ್ಲ. ನೋಡುತ್ತಾ ನಿಲ್ಲುವುದೊಂದೇ ನನಗೆ ಉಳಿದ ಕೆಲಸ.

ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ನರ್ಸ್ ಯಾವುದೋ ಚೀಟಿ ಕೇಳಲು ಬಂದರು. ನಿನ್ನನ್ನು ನೋಡಿ, ನನ್ನನ್ನು ನೋಡಿ, "ಇವ್ರು ನಿಮಗೇನಾಗ್ಬೇಕು?" ಎಂದರು.

ನನಗೆ ನಾಚಿಕೆಯಾಗಲಿಲ್ಲ ಎಂದು ಬರೆದರೆ ಅದು ನಟನೆ, ನೀನು ಕಂಡುಹಿಡಿಯುತ್ತೀಯ. ಆಯಿತಪ್ಪ. ಮೊದಲಿನಷ್ಟೇ ಆಯಿತು, ಕಿವಿ ಬಿಸಿಯಾಯಿತು, ಕಾಲು ಬಾಗಿಲ ಕಡೆ ತಿರುಗಿತು. ಕಿಟಕಿಯಿಂದ ನಿನ್ನ ಕಣ್ಣು ನೋಡಲಾಗದೆ ಹೋದದ್ದೂ ಅದಕ್ಕೇ. ಅದು ಹೋಗಿಲ್ಲ. ಬಹುಶಃ ಹೋಗುವುದಿಲ್ಲ, ನಿನ್ನ ಆ ಚೂರಿನ ಹಾಗೆ.

ಆದರೆ ಬಾಯಿಗೆ ಬೇರೆ ಮಾತು ಬಂತು. "ನಮ್ಮಪ್ಪ" ಎಂದೆ. ಸಣ್ಣ ಕೋಣೆ, ಟೈಲ್ಸ್ ಹಾಕಿದ ಗೋಡೆಗಳು. ನಾನು ಎಣಿಸಿದ್ದಕ್ಕಿಂತ ಜೋರಾಗಿ ಕೇಳಿಸಿತು. ನೀರಿನ ತೊಟ್ಟಿಯ ಹತ್ತಿರವಿದ್ದ ಟೆಕ್ನಿಷಿಯನ್ ಬೆಚ್ಚಿ ತಿರುಗಿ ನೋಡಿದರು.

ನಿನಗೂ ಕೇಳಿಸಿರಬೇಕು. ಅಲುಗಲಿಲ್ಲ ನೀನು. ಅಚ್ಚು ಸರಿಯಾಗಿ ಬಂತು.

ಮಗಳು